ಮೊದಲ ಮಳೆಯ ಬೇಟೆಗಾರರು

ಬಂದೂಕಿನ ಬೇಟೆಗೆ ಕಾನೂನು ಬೀಗ ಜಡಿಯತೊಡಗಿ ಅರ್ಧ ಶತಮಾನ ಸಂದಿದೆ. ಆದರೂ ಮುಂಗಾರಿನ ಮೊದಲ ರಾತ್ರಿಗಳಲ್ಲಿ ಕರಾವಳಿಯ ಹೂಡೆಯೆಂಬ ಊರಿನ ಬೈಲುಗದ್ದೆಗಳಿಗೆ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಬೇಟೆಗಿಳಿಯುತ್ತಾರೆ. ಪ್ರಾಣಿ ಸಣ್ಣದು, ಆಯುಧ ಇನ್ನೂ ಸಣ್ಣದು. ಕೇಳಬೇಕಾದ ಪ್ರಶ್ನೆ ಮಾತ್ರ ಅಷ್ಟು ಸಣ್ಣದಲ್ಲ.

ಜೂನ್ ತಿಂಗಳ ಆದಿಭಾಗದ ಒಂದು ರಾತ್ರಿ. ಸಂಜೆಯಿಂದ ಎಡೆಬಿಡದೆ ಸುರಿದ ಮಳೆಯು ಎಂಟು ಗಂಟೆಯ ಹೊತ್ತಿಗೆ ಕೊಂಚ ಹಿಮ್ಮೆಟ್ಟಿ, ತೆಂಗಿನ ಗರಿಗಳಿಂದ ಮಾತ್ರ ಹನಿ ಉದುರುತ್ತಿದ್ದು, ಪಡುವಣದಿಂದ ಕಡಲಿನ ಮೊರೆತವೂ ಮೂಡಣ ಗದ್ದೆಗಳಿಂದ ಕಪ್ಪೆಗಳ ಕೋಲಾಹಲವೂ ಒಂದನ್ನೊಂದು ಮೀರಿಸಲೆಳಸುತ್ತಿರುವಾಗ, ಹೂಡೆಯ ಒಂದು ಗದ್ದೆಯ ಹುಣಿಯ ಮೇಲೆ ಇಬ್ಬರು ನಿಂತಿದ್ದಾರೆ: ಹಣೆಗೆ ಟಾರ್ಚು ಬಿಗಿದುಕೊಂಡ ತಂದೆ, ಅವನ ಬೆನ್ನಿಗೆ ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟನ್ನು ಎದೆಗವಚಿಕೊಂಡ ಒಂಬತ್ತರ ಹರೆಯದ ಮಗಳು.

ತೋಡಿನ ನೀರು ಗದ್ದೆಗೆ ನುಗ್ಗುವ ಕಂಡಿಯ ಮೇಲೆ ಬೆಳಕು ಬೀಳುತ್ತದೆ. ಮೊದಲು ಕಾಣಿಸುವುದು ಮೀನಲ್ಲ, ಅದರ ಮೀಸೆ. ಆಮೇಲೆ, ಒಂದು ಗೇಣು ಕೆಂಪು ನೀರಿನಲ್ಲಿ ಹೊಟ್ಟೆಯೂರಿ ಪ್ರವಾಹಕ್ಕೆದುರಾಗಿ ಹೆಣಗುತ್ತಿರುವ ಕರಿಯ ಮುಗುಡು.

ತಂದೆ ಬಗ್ಗಿದನು. ಮುಗುಡಿನ ಎರಡು ಪಕ್ಕದ ರೆಕ್ಕೆಗಳಲ್ಲಿಯೂ ಒಂದೊಂದು ಗಡುಸಾದ ಮುಳ್ಳುಂಟು. ಅದು ಚುಚ್ಚಿತೆಂದರೆ ಕೈ ರಾತ್ರಿಯಿಡೀ ಸಿಡಿಯುತ್ತದೆ. ಆದುದರಿಂದ ಹೆಬ್ಬೆರಳನ್ನೂ ತೋರುಬೆರಳನ್ನೂ ಆ ಮುಳ್ಳುಗಳ ಹಿಂಬದಿಗೆ ಸಿಕ್ಕಿಸಿ, ಅಂಗೈಯಿಂದ ತಲೆಯನ್ನೊತ್ತಿ, ಒಂದೇ ಎತ್ತಿಗೆ ಎತ್ತಬೇಕು. ಹಾಗೆ ಎತ್ತಿದ ಮೀನನ್ನು ಮಗಳ ಮುಖದ ಮುಂದೆ ಹಿಡಿದಾಗ ಅವಳು ಕೇಳಿದುದು ಒಂದೇ ಮಾತು: “ಇದರ ಹೊಟ್ಟೆ ಯಾಕೆ ಇಷ್ಟು ಉಬ್ಬಿದೆ?”

“ಮೊಟ್ಟೆ,” ಎಂದನು ತಂದೆ. ಬಕೆಟ್ಟಿನ ಮುಚ್ಚಳ ತೆರೆಯಿತು, ಮುಚ್ಚಿತು.

ತುಳುನಾಡಿನಲ್ಲಿ ಇದಕ್ಕೆ ಉಬರ್ ಮೀನಿನ ಬೇಟೆಯೆಂದು ಹೆಸರು. ಘಟ್ಟದ ಮೇಲಿನವರು ಹತ್ತುಮೀನು ಎನ್ನುತ್ತಾರೆ. ಬೇಸಗೆಯುದ್ದಕ್ಕೂ ಹೊಳೆಯ ಮಡುಗಳಲ್ಲಿಯೂ ಕೆರೆಯ ಕೆಸರಿನಲ್ಲಿಯೂ ಅಡಗಿ ದಿನ ನೂಕಿದ ಮುಗುಡು, ಮಡೆಂಜಿ, ಕಿಜನ್ ಮುಂತಾದ ಸಿಹಿನೀರಿನ ಮೀನುಗಳು, ಮೊದಲ ಮಳೆಯ ಹೊಸನೀರು ತೋಡಿನಲ್ಲಿ ಇಳಿದು ಬಂದೊಡನೆ, ಆ ನೀರಿನ ತಂಪನ್ನೂ ಮಣ್ಣಿನ ವಾಸನೆಯನ್ನೂ ಹಿಡಿದು, ಹರಿವಿಗೆದುರಾಗಿ ಏರಿ, ಮೊಟ್ಟೆಯಿಡುವುದಕ್ಕೆ ತೆಳುನೀರಿನ ಗದ್ದೆಗಳಿಗೆ ಬರುತ್ತವೆ. ಹೊಳೆಯಲ್ಲಿ ದೊಡ್ಡ ಮೀನುಗಳು ಮರಿಗಳನ್ನು ನುಂಗುತ್ತವೆ. ಗದ್ದೆಯಲ್ಲಿ ಆ ಭಯ ಕಡಿಮೆ, ಆಹಾರ ಹೆಚ್ಚು. ಮುಗುಡಿಗಂತೂ ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡಬಲ್ಲ ಅಂಗವೊಂದುಂಟಾಗಿ, ನೀರು ಸಾಲದ ಕಡೆ ಹುಲ್ಲಿನ ಮೇಲೆಯೇ ಹೊರಳಿಕೊಂಡು ಮುಂದಿನ ಗದ್ದೆಗೆ ದಾಟುವುದುಂಟು.

ಈ ಬೇಟೆಗೆ ಹೂಡೆ ಹೇಳಿಮಾಡಿಸಿದ ನೆಲ. ರಾಷ್ಟ್ರೀಯ ಹೆದ್ದಾರಿಯ ಸಂತೆಕಟ್ಟೆಯಿಂದ ನೇಜಾರು, ಕೆಮ್ಮಣ್ಣು ದಾಟಿ ಪಡುವಣಕ್ಕೆ ಹೋದರೆ ರಸ್ತೆಯು ಕಡಲಿಗೆ ಮುಟ್ಟುವಲ್ಲಿ ಈ ಊರು. ಕಾರ್ಕಳ ತಾಲೂಕಿನ ಮಾಳದ ಕಡೆಯ ಘಟ್ಟಗಳಲ್ಲಿ ಹುಟ್ಟಿ ಹಿರಿಯಡಕ, ಮಣಿಪಾಲಗಳ ಬದಿಯಿಂದ ಬರುವ ಸುವರ್ಣಾ ನದಿಯು ಇಲ್ಲಿ ಕಡಲನ್ನು ಕಣ್ಣೆದುರಿಗೇ ಕಂಡೂ ಸೇರಲಾರದೆ ಉತ್ತರಕ್ಕೆ ತಿರುಗಿ, ಕೋಡಿಬೇಂಗ್ರೆಯ ಮರಳುದಂಡೆಯ ಒಳಮಗ್ಗುಲಿನಲ್ಲಿಯೇ ಹರಿದು, ಹಂಗಾರಕಟ್ಟೆಯ ಕಡೆಯಿಂದ ಬರುವ ಸೀತಾನದಿಯನ್ನು ಕೂಡಿಕೊಂಡು ಅಳಿವೆಯಲ್ಲಿ ಸಮುದ್ರಕ್ಕೆ ಬೀಳುತ್ತದೆ. ನಡುವೆ ಕುದ್ರುಗಳೆಂಬ ನಡುಗಡ್ಡೆಗಳು, ಕಾಂಡ್ಲಾ ಗಿಡಗಳು, ಕೆಮ್ಮಣ್ಣಿನ ತೂಗುಸೇತುವೆ, ತೆಂಗು, ಮತ್ತು ಮಳೆಗಾಲದಲ್ಲಿ ಯಾವುದು ಹೊಳೆ ಯಾವುದು ಗದ್ದೆಯೆಂದು ಪರವೂರಿನವನಿಗೆ ತಿಳಿಯದ ಬೈಲು.

ಕಾಡಿಲ್ಲದ ಊರಿಗೆ ದೊಡ್ಡ ಬೇಟೆಯಿಲ್ಲ. ಪೊದೆಯ ಮೊಲ, ಗದ್ದೆಯ ಕುಂಡಕೋಳಿ, ಗುಡ್ಡದ ಉಡ: ಇಷ್ಟೇ ಈ ಊರಿನ ಹಳೆಯ ಬೇಟೆಯ ಸಂಪತ್ತು. ಉಳಿದುದೆಲ್ಲ ನೀರಿನದು.

---

▌ಕೆಡ್ಡಸದ ಬೋಂಟೆ

*ತುಳುವರ ಪೊನ್ನಿ ತಿಂಗಳ ಕೊನೆಗೆ, ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ, ಬರುವ ಹಬ್ಬ ಕೆಡ್ಡಸ. ಭೂಮಿಯು ಋತುಮತಿಯಾಗುವಳೆಂಬ ನಂಬಿಕೆಯಿಂದ ಆ ಮೂರು ದಿನ ನೆಲವನ್ನು ಅಗೆಯುವಂತಿಲ್ಲ, ಉಳುವಂತಿಲ್ಲ, ಹಸುರನ್ನು ಕಡಿಯುವಂತಿಲ್ಲ. ಹುರಿದ ಅಕ್ಕಿಗೆ ಹುರುಳಿ, ಹೆಸರು, ಬೆಲ್ಲ, ತೆಂಗಿನ ಚೂರು ಕೂಡಿಸಿದ ತಿನಿಸು ಮನೆಮನೆಯಲ್ಲಿ. ಕೊನೆಯ ದಿನ ತುಳಸಿಕಟ್ಟೆಯ ಬಳಿ ಭೂಮಿತಾಯಿಗೆ ಎಣ್ಣೆ, ಸೀಗೆ, ಅರಸಿನ, ಕುಂಕುಮ. ಅದೇ ದಿನಗಳಲ್ಲಿ ಊರ ಗಂಡಸರು ಕೂಡಿ ಬೋಂಟೆಗೆ, ಅಂದರೆ ಬೇಟೆಗೆ, ಹೋಗುವುದು ಹಿಂದಿನ ಕಟ್ಟಳೆಯಾಗಿತ್ತು. ಇಂದು ತಿನಿಸೂ ಪೂಜೆಯೂ ಉಳಿದಿವೆ. ಬೋಂಟೆಯು ಹೆಸರಿನಲ್ಲಿ ಮಾತ್ರ.*

---

ನೆಲಕ್ಕೆ ಹಾರೆ ತಾಗಿಸಬಾರದ ದಿನಗಳಲ್ಲಿಯೇ ಪ್ರಾಣಿಗೆ ಈಟಿ ತಾಗಿಸಬಹುದೆಂದು ಹಿರಿಯರು ಹೇಗೆ ಒಪ್ಪಿದರೆಂಬುದು ಕೆಡ್ಡಸದ ವಿಚಾರವಾಗಿ ನನ್ನನ್ನು ಬಹುಕಾಲ ಕಾಡಿದ ಸಂಗತಿ. ಕೃಷಿಕನಿಗೆ ಆ ಮೂರು ದಿನ ಬೇರೆ ಕೆಲಸವಿಲ್ಲ, ಸುಗ್ಗಿ ಬೆಳೆ ಗದ್ದೆಯಲ್ಲಿದೆ, ಹಂದಿ ಬೆಳೆಗೆ ನುಗ್ಗುವ ಕಾಲವದು. ಹೀಗೆ ಬಿಡುವೂ ಅಗತ್ಯವೂ ಒಂದಾದಾಗ ಕಟ್ಟಳೆ ಹುಟ್ಟಿತೆಂದು ಊಹಿಸುವುದೇ ಯುಕ್ತವೆಂದು ತೋರುತ್ತದೆ. ಬೇಟೆಯಾಡಿದ ಹಂದಿಯನ್ನೇ ಪಂಜುರ್ಲಿ ದೈವವೆಂದು ಕೈಮುಗಿದು ಕೋಲ ಕೊಡುವ ಜನಕ್ಕೆ ಇಂತಹ ವಿರೋಧಾಭಾಸಗಳು ಹೊಸತಲ್ಲ.

ಆ ಬೇಟೆಯಲ್ಲಿ ಹುಡುಗರಿಗೂ ಸ್ಥಾನವಿತ್ತು. ಕೈಯಲ್ಲಿ ದೊಣ್ಣೆ ಹಿಡಿದು, ಪೊದೆಗಳನ್ನು ಬಡಿಯುತ್ತ, ಕೂಗುಹಾಕುತ್ತ ಪ್ರಾಣಿಯನ್ನು ಎಬ್ಬಿಸುವ ಸೋವಿನ ಸಾಲಿನಲ್ಲಿ, ತಂದೆಯ ಮಗ್ಗುಲಲ್ಲಿ ನಡೆಯುವುದೇ ಬಾಲಕನ ಮೊದಲ ಪಾಠ. ಅಲ್ಲಿ ಕಲಿಯತಕ್ಕದ್ದು ಗುರಿಯಿಡುವುದನ್ನಲ್ಲ. ಎಲ್ಲಿ ನಿಲ್ಲಬೇಕು, ಯಾರ ಈಡಿನ ದಾರಿಗೆ ಅಡ್ಡ ಬರಬಾರದು, ನಾಯಿಯ ಬೊಗಳಿನಲ್ಲಿ ಹಂದಿ ಯಾವುದು ಮುಳ್ಳುಹಂದಿ ಯಾವುದು ಎಂಬುದನ್ನು. ಸಂಜೆ ಪಾಲು ಹಂಚುವಾಗ ಹೊಡೆದವನಿಗೆ ಹೆಚ್ಚಿನ ಭಾಗ, ಸೋವಿನವರಿಗೆ ಸಮಭಾಗ. ಓಡಿದ ನಾಯಿಗೂ ಪಾಲುಂಟು. ಈ ಹಂಚಿಕೆ ಕೆಟ್ಟರೆ ಏನಾಗುವುದೆಂಬುದಕ್ಕೆ ತುಳುವರ ಮಹಾಕಥನವೇ ಸಾಕ್ಷಿ: ಕೋಟಿ ಚೆನ್ನಯರ ಕಥೆಯಲ್ಲಿ ಪಂಜಕ್ಕೂ ಎಣ್ಮೂರಿಗೂ ಯುದ್ಧ ಹತ್ತಿಕೊಂಡುದು ಒಂದು ಕಾಡುಹಂದಿಯ ಬೇಟೆಯಿಂದ, ಅವಳಿ ವೀರರು ಬಿದ್ದುದು ಆ ಯುದ್ಧದಲ್ಲಿ.

ಕನ್ನಡದ ಬರಹಗಾರರಲ್ಲಿ ಈ ಲೋಕವನ್ನು ಒಳಗಿನಿಂದ ಬಲ್ಲವರು ಕೆಲವರಿದ್ದರು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಷ್ಟು ಹಿಂದೆಯೇ ಕುಪ್ಪಳಿಯ ಕಾಡಿನ ಬೇಟೆಯ ನೆನಪುಗಳನ್ನು ಅಚ್ಚಿಗೆ ತಂದಿತು. ಅವರ ಮಗ ಪೂರ್ಣಚಂದ್ರ ತೇಜಸ್ವಿ ಕೋವಿಯಿಂದ ಗಾಳಕ್ಕೂ ಗಾಳದಿಂದ ಕ್ಯಾಮರಾಕ್ಕೂ ಬದಲಾಯಿಸಿಕೊಂಡದ್ದನ್ನು ಓದುಗರು ಬಲ್ಲರು. ನಮ್ಮ ಕರಾವಳಿಗೆ ಇನ್ನೂ ಸಮೀಪದವರು ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈಗಳು. ‘ಬೇಟೆಯ ನೆನಪುಗಳು’, ‘ಈಡೊಂದು ಹುಲಿಯೆರಡು’ ಎಂಬ ಅವರ ಪುಸ್ತಕಗಳನ್ನು ಓದಿದವನಿಗೆ, ಬೇಟೆಯೆಂಬುದು ಕೊಲ್ಲುವ ಒಂದು ಕ್ಷಣಕ್ಕಿಂತ ಕಾಯುವ ನೂರು ಗಂಟೆಗಳಲ್ಲಿ ಇರುವುದೆಂದು ಅರಿವಾಗದೆ ಇರದು.

ಆ ಕಾಲವು ಮುಗಿಯಿತು. ಮುಗಿದುದು ಒಳ್ಳೆಯದೇ ಆಯಿತು. ಗದ್ದೆಯ ಕುಂಡಕೋಳಿಗೆ ಉರುಳಿಟ್ಟು, ಉಡವನ್ನು ಬಿಲದಿಂದ ಎಳೆದು, ಕಂಡ ಹಕ್ಕಿಗೆಲ್ಲ ಕವಣೆ ಬೀಸಿ ಬೆಳೆದ ತಲೆಮಾರಿನ ಹಲವರು ಅದನ್ನು ಹಳಹಳಿಸುವುದನ್ನು ಕೇಳಿದ್ದೇನೆ. ಅವರ ಕಥನಕೌಶಲವನ್ನು ಮೆಚ್ಚುತ್ತಲೇ, ಆ ಹಳಹಳಿಕೆಯಲ್ಲಿ ಪಾಲುಗೊಳ್ಳಲು ಮನಸ್ಸು ಬರುವುದಿಲ್ಲ.

---

▌ಯಾವುದು ಅಪರಾಧ?

*ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ ಅಂಕಿತ ಬಿದ್ದುದು 1972ರ ಸೆಪ್ಟೆಂಬರ್‌ನಲ್ಲಿ. ಮೊದಮೊದಲು ಪರವಾನಗಿ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಲು ಎಡೆಯಿತ್ತು. 1991ರ ತಿದ್ದುಪಡಿಯು ಆ ಬಾಗಿಲನ್ನೂ ಮುಚ್ಚಿತು. 2022ರ ತಿದ್ದುಪಡಿಯಿಂದ ಆರು ಅನುಸೂಚಿಗಳು ನಾಲ್ಕಾದವು. ಉಡ, ಕಡಲಾಮೆಗಳು ಮೊದಲನೆಯ ಅನುಸೂಚಿಯಲ್ಲಿವೆ; ಅವನ್ನು ಕೊಂದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆವಾಸ. ಮೊಲವನ್ನು ಹಿಡಿಯುವುದೂ ಅಪರಾಧವೇ. ಗದ್ದೆಯ ಮುಗುಡು, ಹೊಳೆಯ ಏಡಿ, ಮರುವಾಯಿ ಈ ಅಧಿನಿಯಮದೊಳಗೆ ಬರುವುದಿಲ್ಲ. ಆದರೆ ನೀರಿಗೆ ತೋಟೆ ಸಿಡಿಸುವುದೂ ವಿಷ ಬೆರೆಸುವುದೂ 1897ರ ಭಾರತೀಯ ಮೀನುಗಾರಿಕಾ ಅಧಿನಿಯಮದಷ್ಟು ಹಿಂದೆಯೇ ದಂಡನೀಯವಾಗಿದ್ದವು.*

---

ಹೀಗೆ ಕಾನೂನು ಗುಡ್ಡದ ಬೇಟೆಯನ್ನು ನಿಲ್ಲಿಸಿದ ಮೇಲೆ, ತಂದೆ ಮಕ್ಕಳಿಗೆ ಕಲಿಸುತ್ತಿದ್ದ ವಿದ್ಯೆಯೆಲ್ಲವೂ ನೀರಿಗಿಳಿಯಿತು. ಅದರಲ್ಲಿ ಮೇಲುದರ್ಜೆಯ ಪಾಠಶಾಲೆ ಏಡಿಯದು. ಹೂಡೆಯ ಮಕ್ಕಳಿಗೆ ಡೆಂಜಿ.

ಗದ್ದೆಯ ಏಡಿಯನ್ನು ಹಿಡಿಯುವುದು ಬೇಟೆಯೂ ಹೌದು, ಬೇಸಾಯವೂ ಹೌದು. ಹುಣಿಯಲ್ಲಿ ಅದು ಕೊರೆದ ಮಾಟೆಯಿಂದ ರಾತ್ರೋರಾತ್ರಿ ಗದ್ದೆಯ ನೀರೆಲ್ಲ ಕೆಳಗದ್ದೆಗೆ ಸೋರಿ, ಏಣೇಲಿನ, ಅಂದರೆ ಮಳೆಗಾಲದ ಬೆಳೆಯ, ನೇಜಿ ಒಣಗುವುದುಂಟು. ಆದುದರಿಂದ ಮಳೆಗಾಲದ ಬೆಳಿಗ್ಗೆ ಹಾರೆ ಹೆಗಲಿಗೇರಿಸಿ ಹುಣಿಯ ಮೇಲೆ ನಡೆಯುವ ತಂದೆ, ಹಿಂದೆ ಬರುವ ಮಗುವಿಗೆ ತೋರಿಸುವ ಮೊದಲ ಸಂಗತಿ ಮಾಟೆಯ ಬಾಯಿ. ಬಾಯ ಸುತ್ತ ಹಸಿ ಕೆಸರಿನ ಉಂಡೆಗಳಿದ್ದು, ಒಳಗೆ ನೀರು ಮಿನುಗುತ್ತಿದ್ದರೆ ಅದು ಏಡಿಯ ಮನೆ. ಬಾಯಿ ಒಣಗಿ ನುಣುಪಾಗಿದ್ದರೆ ಕೈಹಾಕಬೇಡ: ಒಳಗೆ ಇಲಿಯಿರಬಹುದು, ಇಲಿಯನ್ನು ಹುಡುಕಿ ಹೋದ ನಾಗರಹಾವೂ ಇರಬಹುದು.

ಕೈಹಾಕುವುದಕ್ಕೂ ಕ್ರಮವುಂಟು. ಅಂಗೈಯನ್ನು ಮೇಲ್ಮುಖವಾಗಿ ಹಿಡಿದು ತಳಕ್ಕೆ ತಾಗಿಸಿಕೊಂಡು ನಿಧಾನವಾಗಿ ಮುಂದೆ ಒಯ್ಯಬೇಕು. ಬೆರಳ ತುದಿಗೆ ಚಿಪ್ಪು ತಾಗಿದೊಡನೆ ಹಿಂದೆಗೆಯಬಾರದು, ಹಿಂದೆಗೆದರೆ ಕೊಂಬು ಕಚ್ಚುತ್ತದೆ. ಏಡಿಯನ್ನು ಗೋಡೆಗೆ ಒತ್ತಿ, ಅದರ ಬೆನ್ನ ಮೇಲೆ ಬೆರಳನ್ನು ಜಾರಿಸಿ, ಕೊನೆಯ ಕಾಲುಗಳ ಬುಡದಲ್ಲಿ ಹಿಡಿದರೆ ಕೊಂಬುಗಳು ಎಷ್ಟು ತಿರುಗಿದರೂ ಅಲ್ಲಿಗೆ ಎಟುಕವು. ಮೊದಲ ಸಲ ಬೆರಳು ಕಚ್ಚಿಸಿಕೊಳ್ಳದ ಮಗು ಹೂಡೆಯಲ್ಲಿ ಸಿಕ್ಕುವುದು ದುರ್ಲಭ. ಕಚ್ಚಿದ ಏಡಿಯನ್ನು ಎಳೆದರೆ ಕೊಂಬು ಕಳಚಿ ಬೆರಳಲ್ಲಿಯೇ ಉಳಿಯುತ್ತದೆ, ಏಡಿ ಪಾರಾಗುತ್ತದೆ. ಪೊರೆ ಕಳಚುತ್ತ ಕಳಚುತ್ತ ಹೊಸ ಕೊಂಬನ್ನು ಬೆಳೆಸಿಕೊಳ್ಳುತ್ತದೆ. ನೀರಿನಲ್ಲಿ ಕೈಯಿಳಿಬಿಟ್ಟು ಸುಮ್ಮನಿದ್ದರೆ ತಾನಾಗಿ ಬಿಡುತ್ತದೆಂಬುದು ತಂದೆಯ ಉಪದೇಶ. ಅಳುವ ಮಗುವಿಗೆ ಅದು ಎಷ್ಟರಮಟ್ಟಿಗೆ ರುಚಿಸುವುದೋ ಬೇರೆ ಮಾತು.

ಹಿಡಿದ ಮೇಲೆ ಮುಖ್ಯವಾದ ಪಾಠ. ಏಡಿಯನ್ನು ಅಂಗಾತ ಮಾಡಿ ಹೊಟ್ಟೆಯ ಮೇಲೆ ಮಡಚಿಕೊಂಡಿರುವ ಪಟ್ಟಿಯನ್ನು ನೋಡಬೇಕು. ಪಟ್ಟಿಯು ಕಿರಿದಾಗಿ ತುದಿ ಚೂಪಾಗಿದ್ದರೆ ಗಂಡು. ಅಗಲವಾಗಿ ದುಂಡಗಿದ್ದರೆ ಹೆಣ್ಣು. ಹೆಣ್ಣಿನ ಪಟ್ಟಿಯನ್ನು ಉಗುರಿನಿಂದ ಮೆಲ್ಲನೆ ಎತ್ತಿದರೆ, ಕಾಲ ಬಂದಿದ್ದಲ್ಲಿ, ಕಿತ್ತಳೆ ಬಣ್ಣದ ಮೊಟ್ಟೆಗಳೋ, ಸಾಸಿವೆ ಗಾತ್ರದ ಜೀವಂತ ಮರಿಗಳೋ ಒತ್ತೊತ್ತಾಗಿ ಅಂಟಿಕೊಂಡಿರುವುದು ಕಾಣುತ್ತದೆ, ಏಕೆಂದರೆ ಗದ್ದೆಯ ಏಡಿ ತನ್ನ ಮರಿಗಳನ್ನು ನಡೆಯಲು ಬರುವವರೆಗೆ ಹೊಟ್ಟೆಯಡಿಯಲ್ಲಿಯೇ ಹೊತ್ತು ತಿರುಗುತ್ತದೆ. ಇಂತಹ ಏಡಿಯನ್ನು ಮರಳಿ ಬಿಡುವುದು ಬಲ್ಲವರ ರೂಢಿ. ಯಾವ ಅಧಿಕಾರಿಯೂ ಬಂದು ನೋಡುವುದಿಲ್ಲ, ಯಾವ ಕಲಮಿನಡಿಯಲ್ಲಿಯೂ ಇದು ಬರೆದಿಲ್ಲ. ಆದರೂ ಹೊಟ್ಟೆಯಲ್ಲಿ ಮರಿಯಿರುವ ಡೆಂಜಿಯನ್ನು ಬುಟ್ಟಿಗೆ ಹಾಕಿದ ಹುಡುಗನಿಗೆ ಅಜ್ಜಿಯ ಬೈಗುಳ ತಪ್ಪಿದ್ದಲ್ಲ.

ಅಳಿವೆಯ ಕಾಂಡ್ಲಾ ಬೇರುಗಳ ನಡುವಿನ ಕೆಸರೇಡಿಯದು ಇನ್ನೊಂದು ವರ್ಗ. ಅದರ ಕೊಂಬು ದೊಡ್ಡವನ ಬೆರಳನ್ನೂ ಜಜ್ಜಬಲ್ಲದು. ಅಲ್ಲಿ ಮಗುವಿಗೆ ಪ್ರೇಕ್ಷಕನ ಪದವಿ ಮಾತ್ರ. ಅಮಾವಾಸ್ಯೆಯ ಏಡಿಗೆ ಮಾಂಸ ತುಂಬಿರುತ್ತದೆ, ಹುಣ್ಣಿಮೆಯದು ಪೊಳ್ಳು ಎಂಬ ನಂಬಿಕೆ ಕರಾವಳಿಯುದ್ದಕ್ಕೂ ಉಂಟು. ಅದನ್ನು ಪ್ರಶ್ನಿಸಲು ಹೋದ ಅಳಿಯಂದಿರು ಊಟದ ಹೊತ್ತಿಗೆ ಸೋತಿದ್ದಾರೆ.

ಇಷ್ಟು ಹೊತ್ತು ತಂದೆಯ ಮಾತನ್ನೇ ಆಡಿದೆನು. ಆದರೆ ಹೂಡೆಯ, ಬೇಂಗ್ರೆಯ, ಕುದ್ರುಗಳ ಹೆಣ್ಣುಮಕ್ಕಳು ಬೇಟೆಯನ್ನು ಹೆಚ್ಚಾಗಿ ಕಲಿತುದು ತಾಯಿಯ ಕೈಯಲ್ಲಿ. ಅವರ ಬೇಟೆಯ ಪ್ರಾಣಿ ಓಡುವುದಿಲ್ಲವಾದ ಮಾತ್ರಕ್ಕೆ ಅದನ್ನು ಬೇಟೆಯಲ್ಲವೆಂದು ಬಗೆದವರು ಒಂದು ದಿನವಾದರೂ ಮರುವಾಯಿ ಹೆಕ್ಕಲು ಹೋಗಬೇಕು.

ಮರುವಾಯಿಯೆಂದರೆ ಎರಡು ಚಿಪ್ಪಿನ ಮೃದ್ವಂಗಿ. ಹೊಳೆಯ ಮರಳಿನಲ್ಲಿ ಎರಡು ಬೆರಳಿನಾಳಕ್ಕೆ ಹೂತುಕೊಂಡಿರುತ್ತದೆ. ಅದನ್ನು ಹಿಡಿಯಬೇಕಾದವಳು ಮೊದಲು ಇಳಿತವನ್ನು ಬಲ್ಲವಳಾಗಿರಬೇಕು. ಭರತ ಇಳಿತಗಳು ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುವುದರಿಂದ, ನಿನ್ನೆ ಹೋದ ಹೊತ್ತಿಗೆ ಇಂದು ಹೋದರೆ ನೀರು ಸೊಂಟಕ್ಕಿರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರು ಬಹಳ ಇಳಿದು ದೂರದ ದಿಬ್ಬಗಳೂ ತೆರೆದುಕೊಳ್ಳುತ್ತವೆ, ಅಷ್ಟಮಿಯ ಸುಮಾರಿಗೆ ಇಳಿತಕ್ಕೂ ಭರತಕ್ಕೂ ಹೆಚ್ಚಿನ ಅಂತರವೇ ಇರದು. ಪಂಚಾಂಗವನ್ನು ಓದಲು ಬಾರದ ತಾಯಂದಿರೂ ತಿಥಿಯನ್ನು ತಪ್ಪದೆ ಎಣಿಸುವುದು ಇದಕ್ಕಾಗಿ. ಸೊಂಟಕ್ಕೆ ಕಟ್ಟಿದ ಹಗ್ಗದಲ್ಲಿ ತೇಲುವ ಪಾತ್ರೆ. ನೀರೊಳಗೆ ಕುಕ್ಕುರು ಕುಳಿತು, ಕಾಲ ಹೆಬ್ಬೆರಳಿನಿಂದ ಮರಳನ್ನು ಕೆದಕಿ, ಕಲ್ಲು ಯಾವುದು ಜೀವ ಯಾವುದೆಂದು ತೊಗಲಿನಿಂದಲೇ ಓದುವ ವಿದ್ಯೆ. ಹತ್ತಿರ ಕುಳಿತ ಮಗಳು ತಾಯಿಯ ಪಾತ್ರೆ ತುಂಬಿದರೂ ತನ್ನದು ತುಂಬಲಿಲ್ಲವೇಕೆಂದು ಹಲ್ಲು ಕಚ್ಚಿ ಹುಡುಕುತ್ತಾಳೆ.

ತೀರ ಸಣ್ಣದನ್ನು ಅಲ್ಲಿಯೇ ಬಿಡುತ್ತಾರೆ. ದಯೆಗಿಂತ ಹೆಚ್ಚಾಗಿ ಅದರಲ್ಲಿ ಮಾಂಸವಿಲ್ಲವೆಂಬ ವ್ಯವಹಾರಬುದ್ಧಿಯೇ ಕಾರಣವಾದರೂ ಫಲ ಒಂದೇ. ಮನೆಗೆ ಬಂದ ಮರುವಾಯಿಯಲ್ಲಿ ಒಂದು ಪಾಲು ಪುಂಡಿಗೆ, ಒಂದು ಪಾಲು ಸುಕ್ಕಕ್ಕೆ, ಉಳಿದುದು ಕೆಮ್ಮಣ್ಣಿನ ಪೇಟೆಗೆ. ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದ ಗೂಡುಗಳು ಹಿಂದೆ ಕರಾವಳಿಯ ಎಷ್ಟೋ ಕಡೆ ಹೊಗೆಯಾಡುತ್ತಿದ್ದವು.

---

▌ಕೊಡಗಿನ ಕಂದನ ಬಿಲ್ಲು

*ಕೊಡವರಲ್ಲಿ ಗಂಡುಮಗು ಹುಟ್ಟಿದಾಗ ಕೋವಿಯ ಈಡು ಹಾರಿಸಿ ಊರಿಗೆ ತಿಳಿಸುವುದು ರೂಢಿ. ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಕೂಸಿನ ಕೈಗೆ ತಾಗಿಸುತ್ತಾರೆ. ಬೇಟೆಗಾರನ ವಿದ್ಯಾರಂಭ ಅಕ್ಷರಾಭ್ಯಾಸಕ್ಕಿಂತ ಮೊದಲು. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಕೋವಿಯ ಪರವಾನಗಿಯಿಂದ ಕೊಡವರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ವಿನಾಯಿತಿಯು ಕೋವಿಗೆ ಮಾತ್ರ. ವನ್ಯಪ್ರಾಣಿಯ ಬೇಟೆ ಅಲ್ಲಿಯೂ ನಿಷಿದ್ಧ.*

---

ಈಗ ಆ ಬಕೆಟ್ಟಿನ ಮುಗುಡಿನ ಮಾತಿಗೆ ಬರೋಣ.

ಹೂಡೆಯಿಂದ ಕಡಲದಂಡೆಯನ್ನೇ ಹಿಡಿದು ತೆಂಕಣಕ್ಕೆ ಹೋದರೆ ಮಲ್ಪೆಯ ಬಂದರು. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಅಲ್ಲಿಯ ಯಾಂತ್ರಿಕ ದೋಣಿಗಳೆಲ್ಲ ಒಂದಕ್ಕೊಂದು ಒರಗಿ ಲಂಗರು ಹಾಕಿ ನಿಂತಿರುತ್ತವೆ. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಅಧಿನಿಯಮ, 1986ರ ಬಲದಿಂದ ಬರುವ ಈ ನಿಷೇಧಕ್ಕೆ ಮಳೆಗಾಲದ ಬಿರುಗಡಲಿನ ಭಯವೂ ಕಾರಣವಾದರೂ, ಮುಖ್ಯವಾದ ಸಮರ್ಥನೆ ಒಂದೇ: ಅದು ಮೀನು ಮೊಟ್ಟೆಯಿಡುವ ಕಾಲ. ಸಾಲಮಾಡಿ ದೋಣಿ ಕಟ್ಟಿಸಿದವನು ಎರಡು ತಿಂಗಳು ಕೈಕಟ್ಟಿ ಕುಳಿತುಕೊಳ್ಳುವುದು ಈ ತತ್ತ್ವಕ್ಕಾಗಿ.

ಅದೇ ಜೂನ್ ತಿಂಗಳಲ್ಲಿ, ಇತ್ತ ಹೂಡೆಯ ಗದ್ದೆಯಲ್ಲಿ, ಮೊಟ್ಟೆಯಿಡಲೆಂದೇ ಏರಿಬರುವ ಮೀನನ್ನು, ಮೊಟ್ಟೆಯಿಡುವುದಕ್ಕೆ ಒಂದು ಗಂಟೆ ಮೊದಲು ಹಿಡಿದು ಹುರಿಯುವುದನ್ನು ನಾವು ಸಂಪ್ರದಾಯವೆನ್ನುತ್ತೇವೆ. ಮರಿಹೊತ್ತ ಏಡಿಯನ್ನು ಬಿಡಬೇಕೆಂದು ಮಗುವಿಗೆ ಕಲಿಸಿದ ಕೈಯೇ ಮೊಟ್ಟೆಹೊತ್ತ ಮುಗುಡನ್ನು ಬಕೆಟ್ಟಿಗೆ ಇಳಿಬಿಡುವಾಗ ಆ ಮಗುವಿನ ಮನಸ್ಸಿನಲ್ಲಿ ಎದ್ದ ಪ್ರಶ್ನೆಗೆ ಉತ್ತರವೇನು? ನೂರು ಏಡಿಯ ಪಾಠವನ್ನು ಒಂದು ಮುಗುಡು ಅಳಿಸಿಹಾಕಬಲ್ಲದು.

ಹಿಂದೆ ಇದಕ್ಕೊಂದು ಸಮಾಧಾನವಿತ್ತೆಂಬುದನ್ನು ಒಪ್ಪಬೇಕು. ತೆಂಗಿನ ಮಡಲಿನ ಸೂಡಿಯ ಬೆಳಕಿನಲ್ಲಿ, ಒಂದು ಕತ್ತಿಯನ್ನೋ ಬಿದಿರ ಕೂಳಿಯನ್ನೋ ಹಿಡಿದು ಹೋದವನಿಗೆ ಹತ್ತು ಮೀನಿನಲ್ಲಿ ಒಂದು ಸಿಕ್ಕುತ್ತಿತ್ತು. ಸೂಡಿ ಮಳೆಗೆ ನಂದಿದರೆ ಬೇಟೆಯೂ ನಂದುತ್ತಿತ್ತು. ಬೇಟೆಗಾರನ ಅಸಾಮರ್ಥ್ಯವೇ ಮೀನಿಗೆ ರಕ್ಷೆ. ಇಂದು ಹಣೆಯ ಎಲ್‌ಇಡಿ ದೀಪವು ತೋಡಿನ ತಳದ ಕಲ್ಲನ್ನೂ ತೋರಿಸುತ್ತದೆ. ನೈಲಾನ್ ಬಲೆಯನ್ನು ಕಂಡಿಗೆ ಅಡ್ಡ ಕಟ್ಟಿ ಮನೆಗೆ ಹೋಗಿ ಮಲಗಿದರೂ ಬೆಳಿಗ್ಗೆ ಬಲೆ ತುಂಬಿರುತ್ತದೆ. ಇವೆರಡನ್ನೂ ಮೀರಿಸಿದ ಪಾತಕವೊಂದುಂಟು: ಇನ್ವರ್ಟರಿನಿಂದಲೋ ಕಂಬದ ತಂತಿಯಿಂದಲೋ ನೀರಿಗೆ ಕರೆಂಟು ಬಿಡುವುದು. ಅದರಿಂದ ಮೀನು, ಮರಿ, ಕಪ್ಪೆ, ಹಾವು ಎಲ್ಲವೂ ಒಮ್ಮೆಗೇ ತೇಲುತ್ತವೆ. ಕೆಲವೊಮ್ಮೆ ತಂತಿ ಹಿಡಿದವನೂ. ಇದಕ್ಕೆ ಬೇಟೆಯೆಂಬ ಹೆಸರನ್ನು ಕೊಡುವುದು ಜತ್ತಪ್ಪ ರೈಗಳಂತಹವರಿಗೆ ಮಾಡುವ ಅಪಚಾರ.

ಮೀನಿಗೆ ಬೇಟೆಗಾರನೊಬ್ಬನೇ ಶತ್ರುವಲ್ಲವೆಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಸತ್ಯಾಂಶ ಸಾಕಷ್ಟಿದೆ. ಉಪ್ಪುನೀರನ್ನು ತಡೆಯಲು ತೋಡುಗಳಿಗೆ ಕಟ್ಟಿದ ಕಿಂಡಿ ಅಣೆಕಟ್ಟುಗಳ ಹಲಗೆಗಳನ್ನು ಮಳೆಗೆ ಮುನ್ನ ತೆಗೆಯದಿದ್ದರೆ ಮೀನು ಮೇಲೇರುವ ದಾರಿಯೇ ಮುಚ್ಚುತ್ತದೆ. ಬೇಸಗೆಯ ಕೊಳಕೆ ಬೆಳೆಯ ಗದ್ದೆಗಳು ಬಹುತೇಕ ಹಡಿಲು ಬಿದ್ದಿವೆ. ಏಣೇಲಿಗೂ ಜನವಿಲ್ಲದೆ ಎಷ್ಟೋ ಬೈಲುಗಳು ಮಣ್ಣು ತುಂಬಿ ಮನೆಯ ನಿವೇಶನಗಳಾದವು. ಉಳಿದ ಗದ್ದೆಗೆ ಕಳೆನಾಶಕ ಬೀಳುತ್ತದೆ. ಅಲ್ಲಿ ಇಟ್ಟ ಮೊಟ್ಟೆ ಬದುಕುವುದೂ ಅನುಮಾನ. ಹೀಗೆ ಗದ್ದೆ ಕಿರಿದಾದಷ್ಟೂ, ಏರಿಬರುವ ಮೀನು ಇರುವ ನಾಲ್ಕು ತೋಡುಗಳಲ್ಲಿ ಒತ್ತೊತ್ತಾಗಿ ಬರುವುದರಿಂದ, ಹಿಡಿಯುವವನ ಕಣ್ಣಿಗೆ ಅದು ಸಮೃದ್ಧಿಯೆಂದೇ ತೋರುತ್ತದೆ. ಜಪ್ತಿಗೆ ಮುನ್ನ ಅಂಗಡಿಯ ಸರಕೆಲ್ಲ ಜಗಲಿಗೆ ಬಂದು ಬಿದ್ದುದನ್ನು ವ್ಯಾಪಾರದ ಏಳಿಗೆಯೆಂದು ಭ್ರಮಿಸಿದಂತೆ.

ಹಾಗಾದರೆ ಉಬರಿನ ಬೇಟೆಯನ್ನು ನಿಷೇಧಿಸಬೇಕೆ? ಗದ್ದೆಗದ್ದೆಗೆ ಕಾವಲುಗಾರನನ್ನು ನಿಲ್ಲಿಸುವ ಸರಕಾರವನ್ನು ಯಾರೂ ಕಂಡಿಲ್ಲ, ಕಾಣಬೇಕೆಂಬ ಆಸೆಯೂ ನನಗಿಲ್ಲ. ಮಕ್ಕಳನ್ನು ಮಳೆಯ ರಾತ್ರಿ ಮನೆಯೊಳಗೆ ಕೂಡಿಹಾಕಿ ಅವರಿಗೆ ನೀರಿನ ಭಾಷೆಯನ್ನೇ ಮರೆಸುವುದೂ ಪರಿಹಾರವಲ್ಲ. ತೋಡಿನ ಪರಿಚಯವೇ ಇಲ್ಲದವನು ನಾಳೆ ತೋಡನ್ನು ಮುಚ್ಚುವಾಗ ಅಡ್ಡ ನಿಲ್ಲಲಾರ. ನಾನು ಬಯಸುವುದು ಇಷ್ಟು: ಮಲ್ಪೆಯ ದೋಣಿಗೆ 61 ದಿನ ಹೇಳಿದ ಊರು, ತನ್ನ ತೋಡಿಗೆ ಒಂದು ವಾರವನ್ನಾದರೂ ಹೇಳಿಕೊಳ್ಳಲಿ. ಮೊದಲ ಏರಿಕೆಯ ಆ ರಾತ್ರಿಗಳಲ್ಲಿ ತಂದೆ ಮಗಳು ದೀಪ ಹಿಡಿದು ಹೋಗಲಿ, ನೋಡಲಿ, ಎಣಿಸಲಿ, ಬೇಕಾದರೆ ಹಿಡಿದು ಹೊಟ್ಟೆಯನ್ನು ಮುಟ್ಟಿ ಬಿಡಲಿ. ಮೊಟ್ಟೆಯಿಟ್ಟು ಇಳಿಯುವ ಮೀನು ಹೇಗೂ ಆ ಕಂಡಿಯಿಂದಲೇ ಮರಳಬೇಕು. ಆಗ ಪುಳಿಮುಂಚಿಗೆ ಒಂದೆರಡು ಹಿಡಿದರೆ ಯಾರ ತಕರಾರೂ ಇಲ್ಲ. ಮಾಂಸ ಆಗ ಕೊಂಚ ತೆಳು ಎಂಬ ಆಕ್ಷೇಪಣೆ ಬರುವುದನ್ನು ಬಲ್ಲೆ.

ಗದ್ದೆಗಿಳಿಯುವವರಿಗೆ ಒಂದು ಲೌಕಿಕ ಸೂಚನೆಯನ್ನೂ ಹೇಳಿಬಿಡಬೇಕು. ಈ ಕರಾವಳಿಯಲ್ಲಿ ಮಳೆಗಾಲದ ಇಲಿಜ್ವರವು ಹೊಸತಲ್ಲ. ಇಲಿಯ ಮೂತ್ರ ಬೆರೆತ ಕೆಸರುನೀರು ಕಾಲಿನ ಗಾಯದಿಂದ ಒಳಸೇರಿ ಬರುವ ರೋಗವಿದು. ಗಾಯವಿದ್ದ ಮಗುವನ್ನು ಆ ದಿನ ಹುಣಿಯ ಮೇಲೆಯೇ ನಿಲ್ಲಿಸಿ. ಮರಳಿದ ಮೇಲೆ ಕಾಲನ್ನು ಸೋಪು ಹಾಕಿ ತೊಳೆಸಿ. ಜ್ವರ ಬಂದರೆ ಗದ್ದೆಗಿಳಿದ ಸಂಗತಿಯನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಉಬರಿನ ಕಾಲ ಹೆಚ್ಚು ದಿನದ್ದಲ್ಲ. ಜುಲೈ ನಡುವಿನ ಹೊತ್ತಿಗೆ ನಾಟಿ ಮುಗಿದು ಎಂ.ಒ. 4 ಭತ್ತದ ನೇಜಿ ಬೇರುಹಿಡಿದ ಮೇಲೆ, ಗದ್ದೆಯ ಯಜಮಾನ ಬೇಟೆಗಾರರನ್ನು, ಅವರು ಎಷ್ಟೇ ಚಿಕ್ಕವರಿರಲಿ, ಹುಣಿಯಿಂದ ಕೆಳಗಿಳಿಯಗೊಡುವುದಿಲ್ಲ. ಆಗ ಹೂಡೆಯ ಮಕ್ಕಳು ಗಾಳವನ್ನೂ ಎರೆಹುಳದ ಡಬ್ಬಿಯನ್ನೂ ಹಿಡಿದು ಹೊಳೆಯ ಕಟ್ಟೆಗೆ ಸಾಲಾಗಿ ಕುಳಿತುಕೊಳ್ಳುತ್ತಾರೆ. ಅಪ್ಪಂದಿರು ಬಲೆ ಹೆಣೆಯುತ್ತ ಆಗಸ್ಟ್ 1ನ್ನು ಎಣಿಸುತ್ತಾರೆ.